ಶಾಲನ ಎಂಬ ಲಾರಿ

ಕೇತನ ಮೊದಲ ಸಲ ಹಿರೇಮಡ್ಡಿಗೆ ಬಂದಾಗ ಅವನ ಹತ್ತಿರ ಒಂದು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಮತ್ತು ಕೋಲಿನ ತುದಿಗೆ ಸಿಕ್ಕಿಸುವ ಮೈಕು ಇದ್ದವು. ಸಿನಿಮಾ ಮಾತ್ರ ಅವನ ತಲೆಯೊಳಗೆ ಆಗಲೇ ಮುಗಿದಿತ್ತು. ಗಣಿಯ ಗುಂಡಿಯ ಅಂಚಿನಲ್ಲಿ ಒಬ್ಬ ಮುದುಕಿ ಕೂತಿರುತ್ತಾಳೆ. ಗಾಳಿ ಬೀಸುತ್ತದೆ. ಆಕೆ ಏನೂ ಮಾತಾಡುವುದಿಲ್ಲ. ಕಣ್ಣಿನಿಂದ ಒಂದೇ ಒಂದು ಹನಿ ಇಳಿಯುತ್ತದೆ. ಹಿಂದೆ ಕೊಳಲಿನ ದನಿ. ಇನ್ನೇನಿದ್ದರೂ ಅಂಥ ಮುದುಕಿಯನ್ನು ಹುಡುಕುವುದಷ್ಟೇ ಬಾಕಿ.

ಗಡಹಿಂಗ್ಲಜದಿಂದ ಎಸ್‌ಟಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಆಮೇಲೆ ಕಾಲ್ನಡಿಗೆಯ ಏರು. ಊರಿನಲ್ಲಿ ಮೂವತ್ತೈದು ಮನೆ. ಎಲ್ಲರೂ ಕುರಿ ಸಾಕುವವರು, ಅಜ್ಜ ಮುತ್ತಜ್ಜರ ಕಾಲಕ್ಕೆ ಕುರಿಗಳ ಹಿಂದೆ ಕರ್ನಾಟಕದ ಕಡೆಯಿಂದ ಮರಾಠಿ ಸೀಮೆಗೆ ಬಂದು ಇಲ್ಲೇ ನಿಂತವರು. ಊರಿನ ನೆತ್ತಿಯ ಮೇಲೆ ಚಪ್ಪಟೆಯಾದ ದೊಡ್ಡ ಗುಡ್ಡ. ಅದನ್ನೇ ಮಡ್ಡಿ ಎನ್ನುತ್ತಿದ್ದರು. ಅದರ ಕೆಂಪು ಕಲ್ಲಿನಲ್ಲಿ ಬಾಕ್ಸೈಟ್ ಇದೆಯೆಂದು ಇಪ್ಪತ್ತು ವರ್ಷದ ಹಿಂದೆ ಒಂದು ಕಂಪನಿ ಬಂದು ಎಂಟು ವರ್ಷ ಅಗೆಯಿತು. ಅರ್ಧ ಗುಡ್ಡವನ್ನು ಲಾರಿಗಳಲ್ಲಿ ಹೇರಿಕೊಂಡು, ಮೂರು ಗುಂಡಿಗಳನ್ನು ಬಾಯಿ ತೆರೆದ ಹಾಗೇ ಬಿಟ್ಟು ಹೋಯಿತು. ಈಗ ಇನ್ನೊಂದು ಕಂಪನಿ ಉಳಿದರ್ಧವನ್ನು ಕೇಳಿತ್ತು. ಎರಡು ತಿಂಗಳಲ್ಲಿ ಗಡಹಿಂಗ್ಲಜದಲ್ಲಿ ಜನರ ಅಹವಾಲು ಕೇಳುವ ಸಭೆಯಿತ್ತು. ಕೇತನ ಆ ಸುದ್ದಿಯನ್ನು ಮರಾಠಿ ಪೇಪರಿನಲ್ಲಿ ಓದಿ, ಆ ಸಭೆಯಲ್ಲಿ ತೋರಿಸಲು ಒಂದು ಸಾಕ್ಷ್ಯಚಿತ್ರ ಮಾಡಲೇಬೇಕೆಂದು ಹೊರಟಿದ್ದ.

ಅವನಿಗೆ ಇಪ್ಪತ್ತಾರು ವಯಸ್ಸು. ಆರು ವರ್ಷದಿಂದ ಮದುವೆಯ ವಿಡಿಯೊ ತೆಗೆದು ತೆಗೆದು ಬೇಸತ್ತಿದ್ದ. ಹಾಗಾಗಿ ಯಾರೂ ನಗದೆ ಇರುವ ಒಂದು ಚಿತ್ರ ಮಾಡುವ ಆಸೆ ಅವನಿಗೆ ಬಹಳವಿತ್ತು.

ಸಿಕ್ಕವಳು ನೋಡಿದರೆ ತಾರವ್ವ. ಎಪ್ಪತ್ತು ದಾಟಿದವಳು, ಹಣೆಯ ತುಂಬ ಭಂಡಾರದ ಅರಿಸಿನ, ಬಾಯಲ್ಲಿ ಉಳಿದಿದ್ದ ಮೂರು ಹಲ್ಲನ್ನೂ ಬಚ್ಚಿಡದೆ ಎಲ್ಲರಿಗೂ ತೋರಿಸುವ ಮುದುಕಿ. ಮುಖ ಮಾತ್ರ ಕ್ಯಾಮೆರಾಕ್ಕೆಂದೇ ಮಾಡಿದಂತಿತ್ತು. ಕೇತನ ಅವಳನ್ನು ಗುಂಡಿಯ ಅಂಚಿಗೆ ಕರೆದೊಯ್ದು ಕಲ್ಲಿನ ಮೇಲೆ ಕೂರಿಸಿದ. ಗಡಹಿಂಗ್ಲಜದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಅವಳ ಮೊಮ್ಮಗಳು ಮಯೂರಿಯ ಕೈಗೆ ಮೈಕಿನ ಕೋಲು ಕೊಟ್ಟ.

“ಆಯಿ, ಸುಮ್ಮನ ಗುಡ್ಡಾ ನೋಡ್ಕೊಂತ ಕುಂದರ್ರಿ. ಏನೂ ಮಾತಾಡಬ್ಯಾಡ್ರಿ. ಹಳೇದೆಲ್ಲಾ ನೆನಸ್ಕೊರಿ. ಕಣ್ಣಾಗ ನೀರು ಬಂದ್ರ ಬರಲಿ, ಒರಸಬ್ಯಾಡ್ರಿ,” ಎಂದ.

“ಯಾಕೋ ತಮ್ಮಾ, ಯಾರು ಸತ್ತಾರ?”

“ಯಾರೂ ಸತ್ತಿಲ್ರಿ. ಗುಡ್ಡಾ ಹೋಗೇತೆಲ್ರಿ, ಅದಕ್ಕ.”

“ಗುಡ್ಡಾ ಹೋಗಿ ಹನ್ನೆರಡು ವರ್ಷಾತು. ಆವಾಗ ಬರಬೇಕಿತ್ತಪಾ ನೀ. ಈಗ ಅಳಬೇಕಂದ್ರ ಮನಿಯಿಂದ ಉಳ್ಳಾಗಡ್ಡಿ ತರಬೇಕಾಗತೈತಿ.” ತಾರವ್ವ ಮೊಮ್ಮಗಳ ಕಡೆ ತಿರುಗಿದಳು. “ನೋಡ ಇಕಿನ್ನ! ಕುರಿ ಕಾಯೂ ಕೋಲು ಹಿಡಿ ಅಂದ್ರ ಕೈ ನೋಯತಾವು ಅಂತಾಳ. ಇದನ್ನ ಹೆಂಗ ಹಿಡದಾಳ!”

ಮಯೂರಿ ನಕ್ಕಳು, ಕೋಲು ಅಲುಗಿತು, ಮೈಕು ತಾರವ್ವನ ತಲೆಗೆ ಬಡಿಯಿತು. ಆ ದಿನದ ಚಿತ್ರೀಕರಣ ಅಲ್ಲಿಗೆ ಮುಗಿಯಿತು.

ಮರುದಿನ, ಅದರ ಮರುದಿನವೂ ಹಾಗೇ ಆಯಿತು. ಕೇತನನಿಗೆ ಧೂಳು ಬೇಕಿತ್ತು. ಅಕ್ಟೋಬರಿನ ಮಳೆ ಬಿದ್ದು ಗುಡ್ಡ ಹುಲ್ಲು ಹೊದ್ದು ಮದುಮಗಳ ಹಾಗೆ ಕೂತಿತ್ತು. ಮದುವೆಯಿಂದ ತಪ್ಪಿಸಿಕೊಂಡು ಬಂದವನಿಗೆ ಇದು ಸಹಿಸಲಾಗಲಿಲ್ಲ. ಬರಡು ನೆಲದ ಮೇಲೆ ಒಂಟಿ ಕುರಿ ನಡೆದು ಹೋಗಬೇಕೆಂದು ಅವನು ಬಯಸಿದ. ಒಂಟಿ ಕುರಿ ಎಂಬುದು ಲೋಕದಲ್ಲಿ ಇಲ್ಲವೆಂದು ತಾರವ್ವ ತಿಳಿಸಿ ಹೇಳಿದಳು. ಒಂದನ್ನು ಬಿಟ್ಟರೆ ನೂರಾ ಇಪ್ಪತ್ತೂ ಬಂದವು. ಒಂದು ಟಗರು ಕ್ಯಾಮೆರಾದ ಕಣ್ಣನ್ನೇ ನೆಕ್ಕಿತು.

ನಾಲ್ಕನೆಯ ದಿನ ತಾರವ್ವ ಅವನ ಮೇಲೆ ಕರುಣೆ ತೋರಿದಳು. “ಮೂರು ದಿನಾ ನೀ ಹೇಳಿದಂಗ ನಾ ಕೇಳೀನಿ. ಇವತ್ತ ನೀ ಸುಮ್ಮನ ಕುಂದರು, ನಾ ಮಾತಾಡತೀನಿ. ಆ ಡಬ್ಬಿ ಚಾಲೂ ಮಾಡು,” ಎಂದಳು.

ಕೇತನ ಚಾಲೂ ಮಾಡಿದ. ತಾರವ್ವ ಕಾಲು ಚಾಚಿ ಕೂತು, ಗುಡ್ಡ ಅಗೆದ ಕಾಲದ ಕತೆ ಹೇಳತೊಡಗಿದಳು. ಮಳೆಯ ನೀರನ್ನು ಮಡ್ಡಿ ಹೊಟ್ಟೆಯಲ್ಲಿ ಇಟ್ಟುಕೊಂಡು ವರ್ಷಪೂರ್ತಿ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತಿದ್ದುದು, ಪಡುವಣ ಮಗ್ಗುಲಿನ ಜಕ್ಕವ್ವನ ಒರತೆ ಎಂಥ ಬಿರುಬೇಸಿಗೆಯಲ್ಲೂ ನಿಲ್ಲದಿದ್ದುದು, ಅರ್ಧ ಗುಡ್ಡ ಹೋದ ಮೇಲೆ ಅದೇ ಒರತೆ ಯುಗಾದಿಗೇ ಬತ್ತತೊಡಗಿದ್ದು, ಗುಂಡಿಗೆ ಬಿದ್ದು ಕುರಿಗಳು ಸತ್ತದ್ದು. ಎಲ್ಲವನ್ನೂ ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳಿದಳು. ಆಮೇಲೆ ಧೂಳಿನ ಮಾತು ಬಂತು.

“ಶಾಲನ ಬಂದ್ಲು ಅಂದ್ರ ಸಾಕು, ನಾವು ಗಡಗಿ ಮುಚ್ಚತಿದ್ವಿ. ಒಣ ಹಾಕಿದ್ದ ಅರಬಿ ಒಳಗ ತರತಿದ್ವಿ. ಹಸಗೂಸಿನ ಮಾರಿ ಮ್ಯಾಲ ಸೆರಗ ಎಳೀತಿದ್ವಿ. ಊರ ತುಂಬ ಒದರೂದು, ಶಾಲನ ಬಂದ್ಲು, ಶಾಲನ ಬಂದ್ಲು!”

ಕೇತನ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದ. “ಶಾಲನ ಅಂದ್ರ ಯಾರ್ರೀ ಆಯಿ?” ಎಂದು ಕೇಳಿದ.

“ಯಾರಂತ ಕೇಳಬ್ಯಾಡೋ, ಯಾವುದಂತ ಕೇಳು. ಲಾರಿ! ಹಣಿ ಮ್ಯಾಲ ಇಷ್ಟಿಷ್ಟು ದೊಡ್ಡ ಅಕ್ಷರ ಬರಸಿದ್ರು. ನಂಗೇನು ಓದಾಕ ಬರತೈತಿ? ಡ್ರೈವರ್ ಹೇಳಿದಾ. ಮಾಲಕನ ಹೆಂಡತಿ ಹೆಸರಂತ, ಇಚಲಕರಂಜಿಯವರಂತ. ಮೂರು ಲಾರಿ, ಮೂರಕ್ಕೂ ಅದೇ ಹೆಸರು. ಹೆಂಡತಿ ಮ್ಯಾಲ ಭಾಳ ಜೀವ ಇದ್ದಿರಬೇಕು ಅವಗ.” ತಾರವ್ವ ಮೂರು ಹಲ್ಲನ್ನೂ ತೋರಿಸಿದಳು. “ಊರಾಗ ಯಾರಿಗೆ ಕೆಮ್ಮು ಬಂದ್ರೂ ಶಾಲನ ಕೆಮ್ಮು ಅಂತಿದ್ವಿ. ನನ್ನ ಗಂಡಗೂ ಬಂತು. ‘ಈ ಶಾಲನ ನನ್ನ ಮಲಗಾಕ ಬಿಡವಲ್ಲಳು’ ಅಂತ ಮಂದಿ ಮುಂದ ಹೇಳಾವಾ. ಪರಊರವರು ಕೇಳಿದ್ರ ಏನ ತಿಳ್ಕೋಬೇಕು?”

ಮಯೂರಿ ನಗು ತಡೆಯಲು ತುಟಿ ಕಚ್ಚಿದಳು.

“ಎರಡು ವರ್ಷ ಕೆಮ್ಮಿದಾ,” ಎಂದಳು ತಾರವ್ವ. “ಆಮ್ಯಾಲ ಹೋದಾ.”

ಅವಳು ಅಳಲಿಲ್ಲ. ದೂರ ಹೋಗಿದ್ದ ಒಂದು ಕುರಿಯನ್ನು ನಾಲಿಗೆ ಲೊಚಗುಟ್ಟಿ ಕರೆದಳು. ಅದು ಬರುವ ತನಕ ನೋಡಿ, ಮತ್ತೆ ಈ ಕಡೆ ತಿರುಗಿ ಕೇಳಿದಳು. “ತಮ್ಮಾ, ನಿಂದು ಯಾವೂರು ಅಂದಿ?”

“ಕೊಲ್ಹಾಪುರರಿ,” ಎಂದ ಕೇತನ.

ಪೂರ್ತಿ ಸುಳ್ಳೇನಲ್ಲ. ಅವನು ಉಳಿದುಕೊಂಡಿದ್ದು ಕೊಲ್ಹಾಪುರದ ಅಕ್ಕನ ಮನೆಯಲ್ಲಿ. ಆದರೆ ಅವನು ಹುಟ್ಟಿ ಬೆಳೆದದ್ದು ಇಚಲಕರಂಜಿಯಲ್ಲಿ. ಅವನ ತಂದೆ ಅಭಯಕುಮಾರ ಈಗ ಮಗ್ಗಗಳ ಶೆಡ್ ನಡೆಸುತ್ತಿದ್ದರೂ ಹಿಂದೆ ಲಾರಿ ಇಟ್ಟಿದ್ದರು. ತಾಯಿಯ ಹೆಸರು ಶಾಲನ.

ಕೊಲ್ಹಾಪುರದ ರಾಜಾರಾಮಪುರಿಯಲ್ಲಿ ಅಕ್ಕ ನೂತನಳ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಕೇತನ ಎರಡು ವಾರ ಚಿತ್ರವನ್ನು ಕತ್ತರಿಸಿ ಜೋಡಿಸಿದ. ಸೂರ್ಯ ಏರಿದ, ಸೂರ್ಯ ಇಳಿದ, ಗುಂಡಿಯ ನೀರಿನಲ್ಲಿ ಮೋಡ ಕಂಡಿತು. ಕೊಳಲು ಬಂತು. ಒಂದು ಸಂಜೆ ಅಕ್ಕನನ್ನು ಕೂರಿಸಿ ತೋರಿಸಿದ. ನೂತನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಉತ್ತರಪತ್ರಿಕೆ ನೋಡುವ ಮುಖದಲ್ಲೇ ಸಿನಿಮಾವನ್ನೂ ನೋಡಿದಳು.

“ಕುರಿಗೋಳು ಛಲೋ ಮಾಡ್ಯಾವು,” ಎಂದಳು ಮುಗಿದ ಮೇಲೆ.

“ಅಷ್ಟೇ?”

“ಆ ಕೊಳಲು ಕೇಳಿ ನಂಗ ಯಾರ್ದೋ ಹನ್ನೊಂದನೇ ದಿನಕ್ಕ ಬಂದೇನಿ ಅನಸ್ತು. ಮತ್ತ ಇನ್ನೊಂದು. ಆ ಆಯಿ ಧೂಳಿನ ಮಾತು ಸುರು ಮಾಡಿ ಬಾಯಿ ತಗದಾಳ, ನೀ ಪಟಕ್ನ ಮೋಡ ತೋರಿಸೀದಿ. ಆಕಿ ಏನ ಹೇಳಾಕತ್ತಿದ್ಲು?”

“ಏನಿಲ್ಲಕ್ಕಾ. ಆವಾಜ ಸರಿ ಬಂದಿದ್ದಿಲ್ಲ.”

ಗಣಿತದ ಟೀಚರಿಗೆ ನಡುವಿನ ಒಂದು ಹೆಜ್ಜೆ ಬಿಟ್ಟರೆ ಗೊತ್ತಾಗುತ್ತದೆ. ನೂತನ ಕೈ ಚಾಚಿ, “ಮೂಲದ್ದು ಹಚ್ಚು,” ಎಂದಳು. ಕೇತನ ಹಚ್ಚಿದ. ಹೆಂಡತಿಯ ಮೇಲೆ ಬಹಳ ಜೀವವಿದ್ದಿರಬೇಕು ಎಂಬಲ್ಲಿ ನೂತನ ಜೋರಾಗಿ ನಕ್ಕಳು. ಕೆಮ್ಮಿನ ಮಾತು ಬಂದಾಗ ನಗು ನಿಂತಿತು. ಎರಡು ವರ್ಷ ಕೆಮ್ಮಿದ ಎಂಬುದನ್ನು ಕೇಳಿದ ಮೇಲೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದಳು.

“ಜಗತ್ತಿನ ತಪ್ಪೆಲ್ಲಾ ತೋರಸ್ತಿ, ನಮ್ಮನೀದು ಬಂದಾಗ ಮೋಡ ತೋರಸ್ತಿ. ಭಾಳ ದೊಡ್ಡ ಡೈರೆಕ್ಟರ್ ಆಗಾಂವ ಬಿಡು ನೀ,” ಎಂದಳು.

“ಪಪ್ಪಾಗ ಹೆಂಗ ತೋರಸ್ಲಿ ಅಕ್ಕಾ?”

“ಪಪ್ಪಾಗ ಯಾಕ? ಹೆಸರು ಯಾರದೈತಿ? ಮಮ್ಮಿಗೆ ತೋರಸು.”

ಮರುದಿನ ಕೇತನ ಇಚಲಕರಂಜಿಯ ಬಸ್ಸು ಹಿಡಿದ. ಮನೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಓಣಿಯ ಎರಡೂ ಬದಿಯ ಶೆಡ್ಡುಗಳಲ್ಲಿ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಆ ಸದ್ದಿನಲ್ಲಿ ಐದು ಮಾತಿನಲ್ಲಿ ಮೂರು ಕೇಳಿಸುವುದಿಲ್ಲವಾದ್ದರಿಂದ ಆ ಓಣಿಯ ಸಂಸಾರಗಳೆಲ್ಲ ಚೆನ್ನಾಗಿ ನಡೆಯುತ್ತಿವೆ ಎಂದು ಶಾಲನ ಹೇಳುವುದಿತ್ತು. ಕೇತನ ಕಿಟಕಿ ಮುಚ್ಚಿ, ಟಿವಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿ ತಾಯಿಯನ್ನು ಕೂರಿಸಿದ.

ಶಾಲನ ಐವತ್ತೆರಡರ ಹೆಂಗಸು. ಅಡುಗೆಮನೆಯಿಂದ ಬಸದಿಗೆ, ಬಸದಿಯಿಂದ ಅಡುಗೆಮನೆಗೆ ಓಡಾಡಿಕೊಂಡಿದ್ದವಳು. ಟಿವಿಯಲ್ಲಿ ಯಾರೋ ಕುರುಬರ ಮುದುಕಿ ತನ್ನ ಹೆಸರು ಹಿಡಿದು ಕೂಗುವುದನ್ನು ಕೇಳಿ ಮೊದಲು ನಕ್ಕಳು. ಇನ್ನೊಮ್ಮೆ ಹಾಕು ಎಂದಳು. ಎರಡನೆಯ ಸಲ ನಗಲಿಲ್ಲ.

ಅಷ್ಟರಲ್ಲಿ ಅಭಯಕುಮಾರ ಊಟಕ್ಕೆ ಬಂದರು. ಬಾಗಿಲಲ್ಲೇ ನಿಂತು ಕಡೆಯ ಭಾಗವನ್ನು ಕೇಳಿಸಿಕೊಂಡರು.

“ನಾ ಏನ ಗುಡ್ಡಾ ಅಗದೇನೇನು? ಹೇರ ಅಂದ್ರು, ಹೇರೀವಿ,” ಎಂದರು. ಆಮೇಲೆ ಮಗನ ಕಡೆ ನೋಡಿ, “ನೀ ಕಲ್ತ ಸಾಳಿ, ನಿನ್ನ ಮೊದಲನೇ ಕ್ಯಾಮೆರಾ, ಎಲ್ಲಾ ಅದೇ ಲಾರಿ ಮ್ಯಾಲ ಬಂದಾವು. ಅದನ್ನೂ ನಿನ್ನ ಪಿಚ್ಚರಿನ್ಯಾಗ ಹಾಕು,” ಎಂದರು. ಅವರು ಕುಟುಕಲೆಂದು ಹೇಳಿದ್ದು. ಆದರೆ ಕೇತನ ಪಟ್ಟನೆ ಪುಸ್ತಕ ತೆಗೆದು ಅದನ್ನು ಬರೆದುಕೊಂಡ.

ಶಾಲನ ಗಂಡನ ಕಡೆ ತಿರುಗಿದಳು. “ಮೂರಕ್ಕೂ ನನ್ನ ಹೆಸರು ಯಾಕ ಬರಸಿದ್ರಿ?”

“ಮತ್ಯಾರದು ಬರಸಬೇಕಿತ್ತು? ಪ್ರೀತಿಲೆ ಬರಸೀನಿ.”

“ಪ್ರೀತಿ ಮನ್ಯಾಗ ಹೇಳಿದ್ರ ಸಾಕಿತ್ತು. ಹಿರೇಮಡ್ಡಿ ತನಕಾ ಒಯ್ಯೂದು ಬೇಕಿದ್ದಿಲ್ಲ.”

ಅಭಯಕುಮಾರ ತಟ್ಟೆಯ ಮುಂದೆ ಕೂತರು. ಶಾಲನ ಬಡಿಸಿದಳು. ಅವರ ಊಟ ಮುಗಿಯುವುದರೊಳಗೆ ಅವಳು ಕಪಾಟಿನ ಮೇಲಿನ ಹಳೆಯ ಫೋಟೊ ಆಲ್ಬಮ್ ಇಳಿಸಿ ಒರೆಸುತ್ತಿದ್ದಳು. ಅವಳಿಗೆ ಏನೋ ನೆನಪಾಗಿತ್ತು. ಮೊದಲ ಲಾರಿ ಕೊಂಡಾಗ ಅಕ್ಷಯ ತೃತೀಯೆಯ ದಿನ ಮನೆಯವರೆಲ್ಲ ಅದರಲ್ಲೇ ಕೂತು ಯಾವುದೋ ಗುಡ್ಡಕ್ಕೆ ಹೋಗಿ ಪೂಜೆ ಮಾಡಿದ್ದರು.

ಫೋಟೊ ಸಿಕ್ಕಿತು. ಚೆಂಡುಹೂವಿನ ಮಾಲೆ ಹಾಕಿಕೊಂಡ ಹೊಸ ಲಾರಿ, ಅದರ ಹಣೆಯ ಮೇಲೆ ‘ಶಾಲನ’. ಲಾರಿಯ ಮುಂದೆ ತೆಂಗಿನಕಾಯಿ ಹಿಡಿದು ನಿಂತ, ಆರು ವರ್ಷದ, ಉಬ್ಬಿದ ಕೆನ್ನೆಯ ಕೇತನ. ಅವನ ಹಿಂದೆ ಇಡೀ ಮಡ್ಡಿ. ಅದರ ಮಗ್ಗುಲಿನಲ್ಲಿ ಕಲ್ಲಿನ ಸಂದಿನಿಂದ ನೀರು ಬಿಳಿಯಾಗಿ ಧುಮುಕುತ್ತಿತ್ತು. ಒಬ್ಬ ಹೆಂಗಸು ಕೊಡ ಹಿಡಿದು ಬಗ್ಗಿದ್ದಳು. ಫೋಟೊದ ಮೂಲೆಯಲ್ಲಿ ಆ ಕಾಲದ ಕ್ಯಾಮೆರಾ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ತಾನೇ ತಾರೀಖು ಹಾಕಿತ್ತು. ಎರಡು ಸಾವಿರದ ಐದು, ಮೇ ಹನ್ನೊಂದು.

ಕೇತನ ಆ ತಾರೀಖನ್ನು ಮೂರು ಸಲ ನೋಡಿದ. ಹೊಸ ಕಂಪನಿಯ ವರದಿಯನ್ನು ಅವನು ಓದಿದ್ದ. ಮೇ ತಿಂಗಳಲ್ಲಿ ಸ್ಥಳ ನೋಡಿದೆವು, ಆ ಭಾಗದಲ್ಲಿ ನೀರಿನ ಸೆಲೆ ಯಾವುದೂ ಇಲ್ಲ, ಅಗೆದರೆ ಬತ್ತುವಂಥದ್ದೂ ಏನಿಲ್ಲ ಎಂದು ಅದರಲ್ಲಿ ಬರೆದಿತ್ತು. ಇಲ್ಲಿ ಮೇ ತಿಂಗಳಲ್ಲೇ ನೀರು ಧುಮುಕುತ್ತಿದೆ.

“ಈ ನೀರು ನಾ ಕುಡದೇನಿ,” ಎಂದಳು ಶಾಲನ. “ಅಲ್ಲೇ ಕುಂತು ಬುತ್ತಿ ಉಂಡೀವಿ. ಆ ಆಯಿ ಕಡೆ ನನ್ನ ಕರಕೊಂಡು ಹೋಗು.”

“ಅಲ್ಲಾ, ಸಭಾದಾಗ ನಮ್ಮ ಹೆಸರು ಬಂದ್ರ ಮಂದಿ ಏನಂತಾರ? ನನ್ನ ಒಂದ ಮಾತು ಕೇಳಿದಿ ಏನ?” ಎಂದರು ಅಭಯಕುಮಾರ.

“ಲಾರಿ ಮ್ಯಾಲ ಬರಿಯೂ ಮುಂದ ನೀವು ನನ್ನ ಕೇಳಿದ್ರೇನು? ಹಂಗ ಈಗ ನಾನೂ ಕೇಳಾಂಗಿಲ್ರಿ.”

ಮೂರು ದಿನದ ನಂತರ ತಾಯಿ ಮಗ ಹಿರೇಮಡ್ಡಿಯ ಏರು ಹತ್ತಿದರು. ಶಾಲನ ನಾಲ್ಕು ಕಡೆ ಕೂತು ದಣಿವಾರಿಸಿಕೊಂಡಳು. ಕೇತನ ದಾರಿಯುದ್ದಕ್ಕೂ ತಾರವ್ವನ ಮುಂದೆ ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಆದರೆ ಮನೆಯ ಮುಂದೆ ಉಣ್ಣೆ ಬಿಡಿಸುತ್ತ ಕೂತಿದ್ದ ತಾರವ್ವನನ್ನು ಕಂಡದ್ದೇ ಪಾಠವೆಲ್ಲ ಮರೆತುಹೋಯಿತು.

“ಆಯಿ, ನಾ ಕೊಲ್ಹಾಪುರದಾವ ಅಂತ ಹೇಳಿದ್ನೆಲ್ರಿ…” ಎಂದು ತೊದಲಿದ.

ಶಾಲನ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. “ನಾನೇ ರಿ ಆ ಶಾಲನ,” ಎಂದಳು. “ಇಂವ ನನ್ನ ಮಗ.”

ತಾರವ್ವನ ಕೈಯಲ್ಲಿನ ಉಣ್ಣೆ ನಿಂತಿತು. ಅವಳು ಶಾಲನಳನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಮಯೂರಿ ಬಾಗಿಲಿಗೆ ಬಂದು ನಿಂತಳು.

“ಬಂದೇನ ಯವ್ವಾ,” ಎಂದಳು ತಾರವ್ವ ಕೊನೆಗೆ. “ಈ ಸಲ ಸಾವಕಾಶ ಬಂದಿ. ಧೂಳೂ ಇಲ್ಲ, ಹಾರ್ನೂ ಇಲ್ಲ.”

ಶಾಲನಳಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂತು. ಇಪ್ಪತ್ತು ದಿನದಿಂದ ಕೇತನ ಕಾಯುತ್ತಿದ್ದ ಕಣ್ಣೀರು ಕೊನೆಗೂ ಆ ಗುಡ್ಡದ ಮೇಲೆ ಇಳಿಯಿತು. ಅವನ ಕ್ಯಾಮೆರಾ ಚೀಲದಲ್ಲೇ ಇತ್ತು. ಅವನಿಗೆ ಅದನ್ನು ತೆಗೆಯುವ ನೆನಪೇ ಆಗಲಿಲ್ಲ.

“ನಂಗ ಗೊತ್ತಿದ್ದಿಲ್ರಿ ಆಯಿ. ನಿಮ್ಮ ಯಜಮಾನ್ರು…” ಎಂದಳು ಶಾಲನ.

“ನಿಂಗೇನ ಗೊತ್ತಿರತೈತಿ? ನಿನ್ನ ಗಂಡ ಲಾರಿ ಹಣಿ ಮ್ಯಾಲ ನಿನ್ನ ಕುಂದ್ರಿಸಿ ತಾ ಮನ್ಯಾಗ ಕುಂತಾ. ನನ್ನ ಗಂಡ ಇದ್ದಿದ್ರ ಭಾಳ ಖುಷಿ ಪಡತಿದ್ದಾ. ‘ರಾತ್ರಿಯೆಲ್ಲಾ ಹೆಸರು ತಗೊಂಡೇನಿ, ಮಾರಿ ಇವತ್ತ ನೋಡೀನಿ’ ಅಂತಿದ್ದಾ.” ತಾರವ್ವ ಕಂಬಳಿಯ ಮೇಲೆ ಕೈಯಾಡಿಸಿ ಜಾಗ ತೋರಿಸಿದಳು. “ಕುಂದರು. ಮಯೂರಿ, ಚಾ ಇಡು. ಹಾಲು ಕುರೀದೈತಿ ಯವ್ವಾ, ನಡೀತೈತಿಲ್ಲೊ?”

ಚಹಾ ಕುಡಿಯುವಾಗ ಫೋಟೊ ಹೊರಗೆ ಬಂತು. ತಾರವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಗುಡ್ಡವನ್ನು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಅವಳು ಬಾಯಿ ಮುಚ್ಚಿಕೊಂಡದ್ದನ್ನು ಕೇತನ ಕಂಡದ್ದು ಅದೇ ಮೊದಲು.

“ಇದು ನೀವೇ ಏನ್ರಿ, ಕೊಡಾ ಹಿಡದವರು?” ಎಂದು ಶಾಲನ ಮೆಲ್ಲಗೆ ಕೇಳಿದಳು.

“ಛೀ, ನಾ ಯಾವಾಗರೆ ಇಷ್ಟು ದಪ್ಪ ಇದ್ದೇನೇನು? ಇದು ಫಕೀರವ್ವ. ನಮ್ಮ ಹಿಂದಿನ ಮನಿಯಾಕಿ. ಈಗೂ ಅದಾಳ, ಈಗೂ ದಪ್ಪ ಅದಾಳ.”

ಆ ವಾರ ಕೇತನ ಸಿನಿಮಾವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ. ಮೋಡ ಹೋಯಿತು, ಕೊಳಲು ಹೋಯಿತು. ನೂರಾ ಇಪ್ಪತ್ತು ಕುರಿಗಳೂ ಒಳಗೆ ಬಂದವು. ಸಿನಿಮಾದ ಆರಂಭದಲ್ಲಿ ಅವನದೇ ದನಿ ಇತ್ತು: ಈ ಗುಡ್ಡವನ್ನು ಹೇರಿದ ಲಾರಿಗಳಲ್ಲಿ ಮೂರು ನಮ್ಮ ಮನೆಯವು, ನನ್ನ ಓದು ನಡೆದದ್ದೂ ನನ್ನ ಮೊದಲ ಕ್ಯಾಮೆರಾ ಬಂದದ್ದೂ ಅದರಿಂದಲೇ.

ಸಭೆ ಡಿಸೆಂಬರಿನ ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಗಡಹಿಂಗ್ಲಜದ ಒಂದು ಸಭಾಗೃಹದಲ್ಲಿ ನಡೆಯಿತು. ಹಿರೇಮಡ್ಡಿಯಿಂದ ಎರಡು ಟೆಂಪೊ ತುಂಬ ಜನ ಬಂದಿದ್ದರು. ಕಂಪನಿಯ ಪರವಾಗಿ ಬಂದವನು ಮರಾಠಿಯಲ್ಲಿ ವರದಿ ಓದಿದ. ಆಮೇಲೆ ಅಧಿಕಾರಿಗಳು ಕೇತನನಿಗೆ ಹದಿನೈದು ನಿಮಿಷ ಕೊಟ್ಟರು.

ಪರದೆ ಇಳಿಯಿತು, ಸಿನಿಮಾ ಶುರುವಾಯಿತು. ಆದರೆ ಆ ಸಭಾಗೃಹದ ಹನ್ನೆರಡು ಕಿಟಕಿಗಳಿಗೂ ಪರದೆ ಇರಲಿಲ್ಲ. ಹೊರಗೆ ಬಿಸಿಲು ಬಿದ್ದಿತ್ತು. ಬಿಳಿಯ ಪರದೆಯ ಮೇಲೆ ಬಿಳಿಯ ಬೆಳಕಿನ ಹೊರತು ಏನೂ ಕಾಣಲಿಲ್ಲ. ಯಾವ ಕೋನದಿಂದ ಗುಡ್ಡ ಹೇಗೆ ಕಾಣುತ್ತದೆಂದು ಕೇತನ ಪಟ್ಟ ಪಾಡೆಲ್ಲ ಕಿಟಕಿಯಿಂದ ಹಾರಿಹೋಯಿತು. ಉಳಿದದ್ದು ದನಿ ಮಾತ್ರ. ಮೊದಲು ಅವನದು, ಅದನ್ನು ಕೇಳಿ ಸಭೆಯಲ್ಲಿ ಗುಸುಗುಸು ಎದ್ದಿತು. ಆಮೇಲೆ ತಾರವ್ವನದು.

“ಶಾಲನ ಬಂದ್ಲು, ಶಾಲನ ಬಂದ್ಲು!” ಎಂದು ಸ್ಪೀಕರು ಕೂಗಿತು.

ಮೂರನೆಯ ಸಾಲಿನಲ್ಲಿ ಕೂತಿದ್ದ ತಾರವ್ವ ಅಕ್ಕಪಕ್ಕದವರಿಗೆ ಗಟ್ಟಿಯಾಗಿ, “ಇದು ನಾನೇ. ನಾನೇ ಹೇಳಿದ್ದು,” ಎಂದಳು. ಸ್ಪೀಕರಿನ ತಾರವ್ವ ಒಂದು ಮಾತು ಹೇಳಿದರೆ ಕುರ್ಚಿಯ ತಾರವ್ವ ಎರಡು ಸೇರಿಸಿದಳು. ಕನ್ನಡ ಪೂರ್ತಿ ತಿಳಿಯದ ಅಧಿಕಾರಿಗಳು ಕೊನೆಗೆ ನಗುತ್ತ, ಮುಂದೆ ಬಂದು ಮರಾಠಿಯಲ್ಲಿ ಹೇಳಿ ಆಜಿ ಎಂದರು. ಐವತ್ತು ವರ್ಷ ಮರಾಠಿಯಲ್ಲೇ ಕುರಿ ಮಾರಿದವಳಿಗೆ ಅದೇನು ದೊಡ್ಡದು? ಎದ್ದು ಹೋಗಿ ಮೈಕಿನ ಮುಂದೆ ನಿಂತಳು. ಗುಡ್ಡದ ಹೊಟ್ಟೆ, ಒರತೆ, ಕೆಮ್ಮು, ಗಂಡ, ಎಲ್ಲವನ್ನೂ ಹೇಳಿದಳು. ಕಂಪನಿಯವನ ಕಡೆ ಬೊಟ್ಟು ಮಾಡಿ, “ಸಾಹೇಬರು ಮೇ ತಿಂಗಳಾಗ ಬಂದು ನೀರು ಇಲ್ಲಂತ ಬರಕೊಂಡು ಹೋಗ್ಯಾರ. ಖರೇ ಐತಿ. ಒಬ್ಬರು ಬಂದು ಗಡಗಿ ಒಡದು ಹೋದ್ರು, ಇನ್ನೊಬ್ಬರು ಬಂದು ಗಡಗ್ಯಾಗ ನೀರಿಲ್ಲ ಅಂತ ಬರದ್ರು,” ಎಂದಳು. ಸಿಟ್ಟಿನ ಭರಕ್ಕೆ ಮರಾಠಿಯಿಂದ ಮತ್ತೆ ಕನ್ನಡಕ್ಕೆ ಬಂದಿದ್ದಳು. ಆದರೆ ಯಾರಿಗೂ ತಿಳಿಯದೆ ಉಳಿಯಲಿಲ್ಲ.

ಆಮೇಲೆ ಶಾಲನ ಎದ್ದಳು. ಅವಳಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ತನ್ನ ಹೆಸರು ಹೇಳಿದಳು, ಹಿಂದಿನ ಸಾಲಿನವರು ಅವಳನ್ನು ನೋಡಲು ಎದ್ದು ನಿಂತರು. ದೊಡ್ಡದಾಗಿ ತೆಗೆಸಿದ ಫೋಟೊವನ್ನೂ ಅದರ ಮೂಲವನ್ನೂ ಮೇಜಿನ ಮೇಲೆ ಇಟ್ಟಳು. ಈ ನೀರು ನಾನು ಕುಡಿದಿದ್ದೇನೆ, ತಾರೀಖು ಅಲ್ಲೇ ಇದೆ ಎಂದಳು.

ಕಂಪನಿಯವನು ಎದ್ದು ನಿಂತ. ಫೋಟೊದ ಗುಡ್ಡ ಹಿರೇಮಡ್ಡಿಯದೇ ಎಂಬುದಕ್ಕೆ ಏನು ಆಧಾರ, ಲಾರಿ ಯಾರದು, ಯಾರು ಬೇಕಾದರೂ ಯಾವ ಗುಡ್ಡದ ಮುಂದಾದರೂ ಪೂಜೆ ಮಾಡಬಹುದು ಎಂದ. ಅಧಿಕಾರಿಗಳು ಶಾಲನಳ ಕಡೆ ನೋಡಿದರು. ಕೇತನ ಬಾಯಿ ತೆರೆದ. ಆದರೆ ಆರು ವರ್ಷದ, ತೆಂಗಿನಕಾಯಿ ಹಿಡಿದವನ ಸಾಕ್ಷಿ ಎಷ್ಟು ನಿಂತೀತು?

“ಲಾರಿ ನಂದ್ರಿ,” ಎಂದಿತು ಹಿಂದಿನಿಂದ ಒಂದು ದನಿ.

ಬಾಗಿಲ ಬಳಿ ಅಭಯಕುಮಾರ ನಿಂತಿದ್ದರು. ಬರುವುದಿಲ್ಲ ಎಂದು ಬೆಳಿಗ್ಗೆ ಎರಡು ಸಲ ಹೇಳಿ, ಆಮೇಲಿನ ಬಸ್ಸಿಗೆ ಬಂದಿದ್ದರು. ಮುಂದೆ ಬಂದು, ಯಾರ ಮುಖವನ್ನೂ ನೋಡದೆ ಹೇಳಿದರು. ಅದು ಮಗ್ಗದ ಸದ್ದಿನಲ್ಲಿ ಮಾತಾಡಿ ಗಟ್ಟಿಯಾದ ದನಿ. “ಎಂಟು ವರ್ಷ ನನ್ನ ಲಾರಿ ಆ ಗುಡ್ಡದ ಮ್ಯಾಲ ಓಡ್ಯಾವು. ಪೂಜಿ ಅಲ್ಲೇ ಮಾಡೀವಿ. ಮೊದಲನೇ ವರ್ಷ ಡ್ರೈವರ್‌ಗೋಳು ಅದೇ ಒರತ್ಯಾಗ ಲಾರಿ ತೊಳೀತಿದ್ರು. ಕಡೀ ವರ್ಷ ಕುಡಿಯಾಕ ನೀರು ಮನಿಯಿಂದ ಒಯ್ಯತಿದ್ರು. ಎಲ್ಲಿ ಹೇಳತೀರಿ ಅಲ್ಲಿ ಸಹಿ ಮಾಡತೇನಿ.”

ಅಧಿಕಾರಿಗಳು ಬರೆಸಿಕೊಂಡರು, ಸಹಿ ಮಾಡಿಸಿದರು. ಸಹಿ ಮಾಡಿ ತಿರುಗಿದಾಗ ಎದುರಿಗೆ ತಾರವ್ವ ನಿಂತಿದ್ದಳು. ಅಭಯಕುಮಾರ ಕೈ ಮುಗಿದರು.

“ನೀವೇನ್ರಿ ಹೆಂಡತಿ ಮ್ಯಾಲ ಜೀವ ಇರಾವರು?” ಎಂದು ತಾರವ್ವ ಕೇಳಿದಳು. “ಮತ್ತ ಲಾರಿ ತಗೊಂಡ್ರ ನಿಮ್ಮ ಹೆಸರೇ ಬರಸ್ರಿ.”

ಆ ದಿನ ಹಿಂದಿರುಗುವ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತರು. ಹಾತಕಣಂಗಲೆ ದಾಟಿದ ಮೇಲೆ ಶಾಲನ ಚೀಲದಿಂದ ಒಂದು ಪೇರಲ ಹಣ್ಣು ತೆಗೆದು ಅರ್ಧ ಮಾಡಿ ಕೊಟ್ಟಳು.

ಆದೇಶ ಬಂದದ್ದು ಫೆಬ್ರವರಿಯಲ್ಲಿ. ಮಯೂರಿ ಅದನ್ನು ಮನೆಯ ಮುಂದೆ ನಿಂತು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಗಣಿ ರದ್ದಾಗಿರಲಿಲ್ಲ. ಕಂಪನಿಯ ವರದಿ ಸಾಲದು, ಮಡ್ಡಿಯ ಸುತ್ತಲಿನ ಎಲ್ಲ ಒರತೆಗಳನ್ನು ಇಡೀ ಒಂದು ವರ್ಷ, ಎಲ್ಲ ಕಾಲದಲ್ಲೂ ಅಳೆಯಬೇಕು. ಅಲ್ಲಿಯ ತನಕ ಒಂದು ಗುದ್ದಲಿಯೂ ಬೀಳಕೂಡದು. ಹಳೆಯ ಗುಂಡಿಗಳಿಗೆ ಬೇಲಿ ಹಾಕಬೇಕು. ಅಳತೆಯಲ್ಲಿ ಊರವರೂ ಇರಬೇಕು. ಅಷ್ಟೇ.

“ಅಷ್ಟೇ?” ಎಂದು ಕೇತನ ಫೋನಿನಲ್ಲಿ ಬೇಸರಪಟ್ಟ. ಅವನ ಚಿತ್ರವನ್ನು ಆ ಹೊತ್ತಿಗೆ ಕೊಲ್ಹಾಪುರದ ಎರಡು ಕಾಲೇಜುಗಳಲ್ಲಿ, ಕಿಟಕಿ ಮುಚ್ಚಿ, ತೋರಿಸಿದ್ದರು. ಜನ ನಕ್ಕಿದ್ದರು, ಆಮೇಲೆ ಬಹಳ ಹೊತ್ತು ಎದ್ದು ಹೋಗದೆ ಕೂತಿದ್ದರು.

“ವರ್ಷ ಅಂದ್ರ ಸಣ್ಣದೇನೋ ತಮ್ಮಾ? ಒಂದು ವರ್ಷದಾಗ ಕುರಿ ಎರಡು ಸಲ ಈಯತಾವು,” ಎಂದಳು ತಾರವ್ವ.

ಅಳತೆಯ ಕೆಲಸ ಮಯೂರಿಗೆ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಅವಳು ಐದು ಲೀಟರಿನ ಕ್ಯಾನು, ಕೈಗಡಿಯಾರ ಮತ್ತು ಒಂದು ನೋಟ್‌ಬುಕ್ ಹಿಡಿದು ಜಕ್ಕವ್ವನ ಒರತೆಗೆ ಹೋಗುತ್ತಾಳೆ. ಕ್ಯಾನು ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಬರೆಯುವುದು. ಮೊದಲ ಭಾನುವಾರ ನಾಲ್ಕು ನಿಮಿಷ ಹಿಡಿಯಿತು, ಆಮೇಲಿನ ವಾರ ನಾಲ್ಕೂವರೆ. ಊರಿನ ಹೆಂಗಸರು ತಾವೂ ನೋಡುತ್ತೇವೆಂದು ಹೋಗಿ ಸುತ್ತ ಕೂರುತ್ತಾರೆ. ಫಕೀರವ್ವ ಏದುಸಿರು ಬಿಡುತ್ತ ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ತಿಂಗಳಿಗೊಮ್ಮೆ ಇಚಲಕರಂಜಿಯಿಂದ ಶಾಲನಳೂ ಬರುತ್ತಾಳೆ, ಬುತ್ತಿ ಕಟ್ಟಿಕೊಂಡು.

ನೀರು ಸಣ್ಣ ದಾರದಂತೆ ಬೀಳುತ್ತದೆ. ಯಾರೂ ಮಾತಾಡಬಾರದೆಂದು, ಲೆಕ್ಕ ತಪ್ಪುತ್ತದೆಂದು ಮಯೂರಿ ಗದರಿಸುತ್ತಾಳೆ. ತಾರವ್ವ ಒಂದು ನಿಮಿಷ ತಡೆಯುತ್ತಾಳೆ.

“ಸುಮ್ಮನ ಕುಂತ್ರ ಲಗೂ ತುಂಬತೈತೇನು?” ಎಂದು ಆಮೇಲೆ ಕೇಳುತ್ತಾಳೆ.